ಕನ್ನಡ ಸುಗಮ ಸಂಗೀತ ಮತ್ತು ನಾಡಗೀತೆಯ ಪರಂಪರೆ

ಕನ್ನಡ ಸುಗಮ ಸಂಗೀತ ಮತ್ತು ನಾಡಗೀತೆಯ ಪರಂಪರೆಯು ಕನ್ನಡ ಕವಿತೆಗಳಿಗೆ ಸ್ವರ ಸಂಯೋಜಿಸಿ ಹಾಡುವ ಹಾಗೂ ಆ ಹಾಡುಗಾರಿಕೆಯನ್ನು ಮುಂದಿನ ಪೀಳಿಗೆಗೆ ಕಲಿಸುವ ಸಂಪ್ರದಾಯವಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ಈ ಸಂಪ್ರದಾಯವು ಕರ್ನಾಟಕದ ಏಕೀಕರಣ, ನವೋದಯ ಸಾಹಿತ್ಯ, ವೃತ್ತಿರಂಗಭೂಮಿ, ಆಕಾಶವಾಣಿ ಮತ್ತು ಶಾಲೆಗಳ ಮೂಲಕ ಬೆಳೆದು, ಕನ್ನಡಿಗರಿಗೆ ಸಮಾನವಾದ ಒಂದು ಸಂಗೀತದ ಗುರುತನ್ನು ಒದಗಿಸಿತು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರು ಇದರ ಪ್ರಮುಖ ಗಾಯಕರು ಮತ್ತು ಸ್ವರ ಸಂಯೋಜಕರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಈ ಪರಂಪರೆಯೊಂದಿಗೆ ಸಾಹಿತ್ಯದ ಮೂಲಕವೂ ಮೌಖಿಕ ಗಾಯನದ ಮೂಲಕವೂ ಸಂಬಂಧ ಹೊಂದಿವೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಎರಡು ಶಾಸ್ತ್ರೀಯ ಸಂಗೀತ ಪದ್ಧತಿಗಳು ಬಳಕೆಯಲ್ಲಿವೆ. ಹಳೆಯ ಮೈಸೂರು ಪ್ರದೇಶದಲ್ಲಿ ಕರ್ನಾಟಕ ಸಂಗೀತವೂ, ಧಾರವಾಡ, ಹುಬ್ಬಳ್ಳಿ, ಗದಗ ಮತ್ತು ಕಲಬುರಗಿ ಭಾಗಗಳಲ್ಲಿ ಹಿಂದೂಸ್ತಾನಿ ಸಂಗೀತವೂ ಪ್ರಚಾರ ಪಡೆದವು. 1956ಕ್ಕೆ ಮೊದಲು ಕನ್ನಡ ಮಾತನಾಡುವ ಪ್ರದೇಶಗಳು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದು ಸಂಸ್ಥಾನ ಮತ್ತು ಕೊಡಗು ಎಂದು ಹಂಚಿಹೋಗಿದ್ದುದರಿಂದ, ಆಡಳಿತದಂತೆಯೇ ಸಂಗೀತದ ಅಭಿರುಚಿಯೂ ಭಿನ್ನವಾಗಿತ್ತು. ಎಲ್ಲ ಕನ್ನಡಿಗರೂ ಒಟ್ಟಿಗೆ ಹಾಡಬಹುದಾದ ಹಾಡು ಯಾವುದು ಎಂಬ ಪ್ರಶ್ನೆ ಏಕೀಕರಣದ ಚಳವಳಿಯೊಂದಿಗೇ ಹುಟ್ಟಿತು.

ಇದಕ್ಕೆ ಹಳೆಯ ಆಧಾರಗಳೂ ಇದ್ದವು. ಹರಿದಾಸರ ಕೀರ್ತನೆಗಳು, ಶರಣರ ವಚನಗಳು ಮತ್ತು ಗಮಕಿಗಳು ವಾಚಿಸುತ್ತಿದ್ದ ಕುಮಾರವ್ಯಾಸ ಭಾರತ, ಜೈಮಿನಿ ಭಾರತಗಳು ಪ್ರದೇಶದ ಗಡಿಗಳನ್ನು ಮೀರಿ ಪರಿಚಿತವಾಗಿದ್ದವು. ಪುರಂದರದಾಸರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ಗೌರವಿಸಲಾಗುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ಸ್ವರಾವಳಿಗಳಿಂದ ಆರಂಭವಾಗುವ ಪ್ರಾಥಮಿಕ ಪಾಠಕ್ರಮವನ್ನು ಪರಂಪರೆಯು ಅವರ ಹೆಸರಿಗೆ ಸಲ್ಲಿಸುತ್ತದೆ. ಆದ್ದರಿಂದ ಕನ್ನಡದ ಈ ವಾಗ್ಗೇಯಕಾರರು ಸಂಗೀತ ಶಿಕ್ಷಕರಾಗಿಯೂ ಸ್ಮರಣೀಯರು.

ಆಸ್ಥಾನ ಮತ್ತು ಭಾಷೆಯ ಪ್ರಶ್ನೆ

ಮೈಸೂರಿನ ಅರಸರು ಸಂಗೀತಕ್ಕೆ ವಿಶೇಷ ಆಶ್ರಯ ನೀಡಿದರು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ ಮೊದಲಾದವರು ಆಸ್ಥಾನ ವಿದ್ವಾಂಸರಾಗಿದ್ದರು. ಸಂಸ್ಥಾನದ ಗೀತೆಯಾದ ‘ಕಾಯೌ ಶ್ರೀಗೌರಿ’ಯನ್ನು ‘ಅಭಿನವ ಕಾಳಿದಾಸ’ ಎಂದು ಹೆಸರಾದ ಬಸವಪ್ಪ ಶಾಸ್ತ್ರಿಗಳು ಕನ್ನಡದಲ್ಲಿ ರಚಿಸಿದರು. ಅದು ಅರಸರ ಕ್ಷೇಮವನ್ನು ಕೋರುವ ಪ್ರಾರ್ಥನೆ. ನಾಡನ್ನೇ ಕೇಂದ್ರವಾಗಿಸಿಕೊಂಡ ಗೀತೆಗಳು ಬಂದುದು ಅನಂತರ.

ಆಸ್ಥಾನದ ಕಚೇರಿಗಳಲ್ಲಿ ಹಾಡಲಾಗುತ್ತಿದ್ದ ಕೃತಿಗಳಲ್ಲಿ ಹೆಚ್ಚಿನವು ತೆಲುಗು ಮತ್ತು ಸಂಸ್ಕೃತ ಭಾಷೆಯವು. ವಾಸುದೇವಾಚಾರ್ಯರ ಕೃತಿಗಳೂ ಬಹುಮಟ್ಟಿಗೆ ಈ ಎರಡು ಭಾಷೆಗಳಲ್ಲಿವೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯನ್ನು ಕುರಿತು 108 ಕನ್ನಡ ಕೃತಿಗಳಿಗೆ ರೂಪು ಕೊಟ್ಟದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹವಾಗಿದೆ. ಕನ್ನಡವು ಶಾಸ್ತ್ರೀಯ ಸಂಗೀತಕ್ಕೆ ಒದಗದ ಭಾಷೆ ಎಂಬ ಅಭಿಪ್ರಾಯಕ್ಕೆ ಇಂತಹ ಪ್ರಯತ್ನಗಳು ಉತ್ತರವಾದವು.

ಉತ್ತರ ಕರ್ನಾಟಕದ ಗುರುಗಳು

ಹಿಂದೂಸ್ತಾನಿ ಸಂಗೀತದಲ್ಲಿ ಬಂದಿಶ್‌ಗಳ ಭಾಷೆ ಸಾಮಾನ್ಯವಾಗಿ ಬ್ರಜ್ ಮತ್ತು ಹಿಂದಿ. ಈ ಪದ್ಧತಿಯಲ್ಲಿ ಪರಿಣತರಾದ ಕನ್ನಡ ಗಾಯಕರು ವಚನ ಮತ್ತು ದಾಸರ ಪದಗಳನ್ನು ರಾಗಗಳಲ್ಲಿ ಹಾಡಿ ಕಚೇರಿಯೊಳಕ್ಕೆ ಕನ್ನಡವನ್ನು ತಂದರು. ಮಲ್ಲಿಕಾರ್ಜುನ ಮನ್ಸೂರ (1910–1992), ಸಿದ್ಧರಾಮ ಜಂಬಲದಿನ್ನಿ ಮತ್ತು ಬಸವರಾಜ ರಾಜಗುರು ಅವರ ವಚನ ಗಾಯನವು ಕೇಳುಗರಲ್ಲಿ ಹೊಸ ಅಭಿರುಚಿಯನ್ನು ಬೆಳೆಸಿತು.

ಗದಗಿನ ವೀರೇಶ್ವರ ಪುಣ್ಯಾಶ್ರಮವು ಈ ದಿಸೆಯಲ್ಲಿ ವಿಶಿಷ್ಟ ಸಂಸ್ಥೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನ, ಆಶ್ರಯ ನೀಡಿ ಸಂಗೀತ ಕಲಿಸಿದರು. ಆಶ್ರಮದ ನಾಟಕ ಸಂಘವೂ ಊರೂರು ಸಂಚರಿಸಿತು. ಇಲ್ಲಿ ಕಲಿತವರು ಶಾಲೆ, ಮಠ ಮತ್ತು ನಾಟಕ ಕಂಪನಿಗಳಲ್ಲಿ ಸಂಗೀತ ಶಿಕ್ಷಕರಾಗಿ ನಾಡಿನ ಹಲವೆಡೆ ನೆಲೆಸಿದರು. ಸಂಗೀತವು ಕುಲ ಮತ್ತು ಸಂಪತ್ತಿನ ಕಟ್ಟನ್ನು ದಾಟಿ ಸಾಮಾನ್ಯರನ್ನು ತಲುಪಲು ಇಂತಹ ಗುರುಕುಲಗಳು ನೆರವಾದವು.

ಏಕೀಕರಣದ ಗೀತೆಗಳು

1924ರಲ್ಲಿ ಮಹಾತ್ಮ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಗೀತೆಯನ್ನು ಹಾಡಲಾಯಿತು. ನಾರಾಯಣರಾಯರು (1884–1971) ಗದಗಿನಲ್ಲಿ ನೆಲೆಸಿದ್ದ ವಕೀಲರು ಮತ್ತು ನಾಟಕಕಾರರು. ಅದೇ ಅಧಿವೇಶನದಲ್ಲಿ ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ ಅವರೂ ಸ್ವಾಗತದ ಹಾಡಿನಲ್ಲಿ ದನಿಗೂಡಿಸಿದ್ದರು. ಮುಂದಿನ ಮೂರು ದಶಕಗಳ ಕಾಲ ನಾರಾಯಣರಾಯರ ಗೀತೆಯು ಏಕೀಕರಣದ ಸಭೆಗಳಲ್ಲಿ ಮೊಳಗಿತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದುಗೂಡಿದವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾಯಿತು.

ರಂಗಭೂಮಿಯ ಕೊಡುಗೆ

ಗ್ರಾಮೀಣ ಕರ್ನಾಟಕಕ್ಕೆ ರಾಗಗಳ ಪರಿಚಯವಾದುದು ಹೆಚ್ಚಾಗಿ ರಂಗಗೀತೆಗಳಿಂದ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಂತಹ ವೃತ್ತಿ ತಂಡಗಳು ಊರಿಂದೂರಿಗೆ ಸಂಚರಿಸುತ್ತಾ ಹಾರ್ಮೋನಿಯಂ, ತಬಲಾಗಳ ಹಿಮ್ಮೇಳದಲ್ಲಿ ಪೌರಾಣಿಕ ನಾಟಕಗಳನ್ನು ಆಡಿದವು. ಕಂಪನಿಗಳನ್ನು ನೋಡಿ ಹಳ್ಳಿಗರೂ ನಾಟಕ ಕಟ್ಟಿದರು. ಅವರಿಗೆ ಮಾತು, ಕಂದಪದ್ಯ, ಹಾಡುಗಳನ್ನು ಕಲಿಸುವ ‘ನಾಟಕದ ಮೇಷ್ಟ್ರು’ ತಿಂಗಳುಗಟ್ಟಲೆ ಊರಿನಲ್ಲಿಯೇ ತಂಗುವುದು ವಾಡಿಕೆಯಾಗಿತ್ತು. ಓದು ಬರಹ ಬಾರದ ರೈತರೂ ಈ ಮೇಷ್ಟ್ರುಗಳಿಂದ ಕೇಳಿ ಕಲಿತು ರಾಗಬದ್ಧವಾಗಿ ಹಾಡುತ್ತಿದ್ದರು.

ಗುಬ್ಬಿ ಕಂಪನಿಯಲ್ಲಿ ಬಾಲ್ಯ ಕಳೆದ ಬಿ. ವಿ. ಕಾರಂತ (1929–2002) ಅವರು ಹವ್ಯಾಸಿ ರಂಗಭೂಮಿಗೆ ಬಂದು, ಯಕ್ಷಗಾನ, ಜನಪದ ಮತ್ತು ಕಂಪನಿ ನಾಟಕಗಳ ಧಾಟಿಗಳನ್ನು ಬೆಸೆದು ಹೊಸ ರಂಗಸಂಗೀತವನ್ನು ಕಟ್ಟಿದರು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಅವರು ಮೊದಲ ನಿರ್ದೇಶಕರಾದರು. ಅವರ ಕೈಕೆಳಗೆ ಪಳಗಿದವರು ಮುಂದೆ ರಂಗ ಶಿಬಿರಗಳಲ್ಲಿ ಮಕ್ಕಳಿಗೂ ಯುವಕರಿಗೂ ಈ ಹಾಡುಗಳನ್ನು ಕಲಿಸಿದರು.

ಭಾವಗೀತೆ ಮತ್ತು ಸ್ವರ ಸಂಯೋಜಕರು

ನವೋದಯ ಕಾಲದಲ್ಲಿ ಬಿ. ಎಂ. ಶ್ರೀಕಂಠಯ್ಯ, ದ. ರಾ. ಬೇಂದ್ರೆ, ಕುವೆಂಪು, ಕೆ. ಎಸ್. ನರಸಿಂಹಸ್ವಾಮಿ ಮೊದಲಾದವರು ಬರೆದ ಭಾವಗೀತೆಗಳು ಹಾಡಲು ಒದಗುವ ಲಯ ಹೊಂದಿದ್ದವು. ಬೇಂದ್ರೆಯವರು ಜನಪದ ಮಟ್ಟುಗಳನ್ನು ಕವಿತೆಗೆ ತಂದು ಸಭೆಗಳಲ್ಲಿ ಸ್ವತಃ ಹಾಡಿ ತೋರಿಸುತ್ತಿದ್ದರು. ಕವಿತೆಯನ್ನು ಪುಸ್ತಕದಿಂದ ಜನರ ಕಂಠಕ್ಕೆ ತಲುಪಿಸುವ ಕೆಲಸವನ್ನು ವ್ಯವಸ್ಥಿತವಾಗಿ ಕೈಗೊಂಡವರಲ್ಲಿ ಪಿ. ಕಾಳಿಂಗರಾವ್ ಅಗ್ರಗಣ್ಯರು.

ಉಡುಪಿ ಜಿಲ್ಲೆಯ ಆರೂರಿನಲ್ಲಿ ಜನಿಸಿದ ಕಾಳಿಂಗರಾವ್ (1914–1981) ನಾಟಕ ರಂಗದಿಂದ ಬಂದವರು. ಶಾಸ್ತ್ರೀಯ, ಜನಪದ ಹಾಗೂ ಪಾಶ್ಚಾತ್ಯ ಸಂಗೀತದ ಅಂಶಗಳನ್ನು ಬೆರೆಸಿ ಅವರು ಕವಿತೆ ಮತ್ತು ಜನಪದ ಗೀತೆಗಳಿಗೆ ಸ್ವರ ಹೊಂದಿಸಿದರು. ಸೋಹನ್ ಕುಮಾರಿ ಮತ್ತು ಮೋಹನ್ ಕುಮಾರಿ ಅವರೊಡನೆ ನಾಡಿನಾದ್ಯಂತ ಕಾರ್ಯಕ್ರಮಗಳನ್ನು ನೀಡಿದರು. ರಾಗದ ವಿಸ್ತಾರಕ್ಕಿಂತ ಮಾತಿನ ಅರ್ಥಕ್ಕೆ ಪ್ರಾಧಾನ್ಯ ನೀಡುವ ಸುಗಮ ಸಂಗೀತದ ಮೂಲ ತತ್ತ್ವವು ಅವರ ಗಾಯನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೈಸೂರು ಅನಂತಸ್ವಾಮಿ (1936–1995) ಅವರು ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’, ಕುವೆಂಪು ಮತ್ತು ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ನೀಡಿದ ಸ್ವರಗಳು ಮನೆಮಾತಾದವು. 1978ರಲ್ಲಿ ಹೊರಬಂದ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಧ್ವನಿಸುರುಳಿಯು ಭಾವಗೀತೆಗಳ ಧ್ವನಿಸುರುಳಿ ಯುಗಕ್ಕೆ ನಾಂದಿಯಾಯಿತು. ಸಿ. ಅಶ್ವತ್ಥ್ (1939–2009) ಅವರು ಶಿಶುನಾಳ ಷರೀಫರ ತತ್ತ್ವಪದಗಳನ್ನು ಎತ್ತರದ ಶ್ರುತಿಯ ತೀವ್ರ ಗಾಯನದಿಂದ ಜನಪ್ರಿಯಗೊಳಿಸಿದರು. ‘ಕಾಕನಕೋಟೆ’, ‘ಸಂತ ಶಿಶುನಾಳ ಷರೀಫ’, ‘ಮೈಸೂರು ಮಲ್ಲಿಗೆ’ ಚಲನಚಿತ್ರಗಳಿಗೆ ಸಂಗೀತ ನೀಡಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಭಾರಿ ಜನಸ್ತೋಮ ಸೇರಿತ್ತು. ಶಿವಮೊಗ್ಗ ಸುಬ್ಬಣ್ಣ (1938–2022) ಅವರು ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಗೀತೆಗಾಗಿ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರ ಪ್ರಶಸ್ತಿ ಪಡೆದ ಮೊದಲ ಕನ್ನಡ ಗಾಯಕರಾದರು. ಪದ್ಮಚರಣ್, ಎಚ್. ಕೆ. ನಾರಾಯಣ, ಬಿ. ಕೆ. ಸುಮಿತ್ರಾ, ರತ್ನಮಾಲಾ ಪ್ರಕಾಶ್ ಮೊದಲಾದವರೂ ಈ ಪ್ರಕಾರವನ್ನು ಬೆಳೆಸಿದ್ದಾರೆ. ಸುಗಮ ಸಂಗೀತದ ಸಾಧಕರಿಗೆ ರಾಜ್ಯ ಸರ್ಕಾರವು ಸಂತ ಶಿಶುನಾಳ ಷರೀಫ ಪ್ರಶಸ್ತಿಯನ್ನು ನೀಡುತ್ತದೆ.

ಆಕಾಶವಾಣಿ ಮತ್ತು ಶಾಲೆಗಳು

1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆ ಕೇಂದ್ರದೊಂದಿಗೆ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಅನಂತರ ಇಡೀ ದೇಶದ ಬಾನುಲಿಗೆ ಅನ್ವಯವಾಯಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಆರಂಭವಾದವು. ಭಾವಗೀತೆ, ವಚನ, ದೇವರನಾಮ ಮತ್ತು ಜನಪದ ಗೀತೆಗಳಿಗೆ ಪ್ರತ್ಯೇಕ ವೇಳೆ ದೊರೆತುದರಿಂದ ಧಾರವಾಡದ ದನಿ ಮೈಸೂರು ಸೀಮೆಯಲ್ಲಿಯೂ, ಮೈಸೂರಿನ ದನಿ ಧಾರವಾಡದಲ್ಲಿಯೂ ಕೇಳಿಸುವಂತಾಯಿತು. ಚಿತ್ರದುರ್ಗದಲ್ಲಿಯೂ ಆಕಾಶವಾಣಿ ಕೇಂದ್ರವಿದೆ.

ಶಾಲೆಗಳಲ್ಲಿ ಪ್ರಾತಃಕಾಲದ ಪ್ರಾರ್ಥನೆ, ರಾಷ್ಟ್ರೀಯ ಹಬ್ಬಗಳು ಮತ್ತು ರಾಜ್ಯೋತ್ಸವಗಳು ಗೀತಗಾಯನದ ಮುಖ್ಯ ಸಂದರ್ಭಗಳು. ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ದೀರ್ಘಕಾಲ ಜೂನಿಯರ್, ಸೀನಿಯರ್ ಮತ್ತು ವಿದ್ವತ್ ದರ್ಜೆಗಳ ಸಂಗೀತ ಪರೀಕ್ಷೆಗಳನ್ನು ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲಿಯೂ ನಡೆಸಿಕೊಂಡು ಬಂದಿತು. ಆದರೆ ಬಹುಪಾಲು ಹಳ್ಳಿ ಶಾಲೆಗಳಲ್ಲಿ ಪ್ರತ್ಯೇಕ ಸಂಗೀತ ಶಿಕ್ಷಕರ ಹುದ್ದೆ ಇರುವುದಿಲ್ಲ. ಅಲ್ಲಿ ಕನ್ನಡ ಪಾಠ ಹೇಳುವವರೇ, ಒಮ್ಮೊಮ್ಮೆ ಗಣಿತ ಅಥವಾ ದೈಹಿಕ ಶಿಕ್ಷಣದ ಅಧ್ಯಾಪಕರೇ, ಬಾನುಲಿ ಮತ್ತು ಧ್ವನಿಸುರುಳಿಯಿಂದ ಕೇಳಿ ಕಲಿತ ಧಾಟಿಯನ್ನು ಮಕ್ಕಳಿಗೆ ಹೇಳಿಕೊಡುತ್ತಾರೆ. ನಾಡಿನ ಸಂಗೀತದ ಗುರುತು ವಾಸ್ತವದಲ್ಲಿ ಬೇರೂರಿದ್ದು ಇಂತಹ ಶಾಲಾ ಅಂಗಳಗಳಲ್ಲಿ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು

ಮೊಳಕಾಲ್ಮೂರು ತಾಲ್ಲೂಕು ಆಂಧ್ರಪ್ರದೇಶದ ರಾಯದುರ್ಗಕ್ಕೆ ಹೊಂದಿಕೊಂಡಿದೆ. ಇಲ್ಲಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿದ್ದು, ಅವುಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ತಂದೆ ತಾಯಿಯರ ಸೇವೆ, ಸತ್ಯ ನುಡಿಯುವುದು ಮತ್ತು ಶಿಷ್ಯನು ಆಚಾರ್ಯನನ್ನು ಗೌರವಿಸುವುದು ಆ ಪ್ರಾಕೃತ ಶಾಸನವು ಬೋಧಿಸುವ ಧರ್ಮಗಳಲ್ಲಿ ಸೇರಿವೆ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ವಿದ್ಯೆ ಹರಿಯುವ ಪದ್ಧತಿಗೆ ಈ ನೆಲದಲ್ಲಿ ಅಷ್ಟು ಹಳೆಯ ದಾಖಲೆಯಿದೆ.

ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮದವರಾದ ಟಿ. ಎಸ್. ವೆಂಕಣ್ಣಯ್ಯ (1885–1939) ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ನಾಡಗೀತೆಯ ಕವಿ ಕುವೆಂಪು ಅವರು ತಮ್ಮ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಗುರುಗಳಾದ ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದಾರೆ. ಇದೇ ಮನೆತನದ ಕಾದಂಬರಿಕಾರ ತ. ರಾ. ಸುಬ್ಬರಾಯರ ‘ಹಂಸಗೀತೆ’ಯು ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆಯನ್ನು ಹೇಳುತ್ತದೆ. ಅರಸನ ಅಪ್ಪಣೆಯಂತೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುವ ಗಾಯಕನ ಈ ಕಥೆಯನ್ನು ಆಧರಿಸಿ ಜಿ. ವಿ. ಅಯ್ಯರ್ ಅವರು 1975ರಲ್ಲಿ ಚಲನಚಿತ್ರ ನಿರ್ಮಿಸಿದರು. ಅಧಿಕಾರ ಮತ್ತು ಸಂಗೀತದ ನಡುವಣ ಸಂಬಂಧವನ್ನು ಕುರಿತು ಕನ್ನಡದಲ್ಲಿ ಬಂದ ಪ್ರಸಿದ್ಧ ಕೃತಿಗಳಲ್ಲಿ ಇದು ಒಂದು.

ಈ ಭಾಗದ ಮೌಖಿಕ ಸಂಗೀತ ಸಂಪತ್ತು ಅಪಾರವಾಗಿದೆ. ಮ್ಯಾಸಬೇಡರು ಗಾದರಿ ಪಾಲನಾಯಕ ಮೊದಲಾದ ತಮ್ಮ ಸಾಂಸ್ಕೃತಿಕ ವೀರರ ಕಥನಗಳನ್ನು ಹಾಡುತ್ತಾರೆ. ಉರುಮೆ ಇಲ್ಲಿನ ಮುಖ್ಯ ಚರ್ಮವಾದ್ಯ. ಕಾಡುಗೊಲ್ಲರು ಜುಂಜಪ್ಪನ ಮಹಾಕಾವ್ಯವನ್ನು ಹಾಡುವಾಗ ಗಣೆ ಎಂಬ ಉದ್ದನೆಯ ಕೊಳಲನ್ನು ನುಡಿಸುತ್ತಾರೆ. ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿರುವ ಗಡಿನಾಡಾದ ಕಾರಣ ಪದಗಳಲ್ಲಿ ಎರಡೂ ಭಾಷೆಗಳು ಬೆರೆತಿರುತ್ತವೆ. ಮನೆಯಲ್ಲಿ ತೆಲುಗು ನುಡಿಯುವ ಮಗುವೂ ಶಾಲೆಯಲ್ಲಿ ನಾಡಗೀತೆಯ ಮೂಲಕ ಕನ್ನಡಕ್ಕೆ ದನಿಗೂಡಿಸುತ್ತದೆ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅವರು ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ಕಂಠದಲ್ಲಿ ಉಳಿಸಿಕೊಂಡಿದ್ದ ಹಾಡುಗಾರ್ತಿ. ಅವರ ಪದಗಳನ್ನು ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರು ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಸಂಪಾದಿಸಿದ್ದಾರೆ. ಸುಗ್ಗಿ, ಮದುವೆ, ಬಸಿರು, ಬಾಣಂತನ, ಸಾವು ಹೀಗೆ ಬದುಕಿನ ಎಲ್ಲ ಘಟ್ಟಗಳಿಗೂ ಹಟ್ಟಿಯ ಹೆಂಗಸರಲ್ಲಿ ಹಾಡುಗಳಿವೆ. ಮುದ್ರಣವು ಇವುಗಳ ಸಾಹಿತ್ಯವನ್ನು ಉಳಿಸಿದರೂ, ಮಟ್ಟು ಮತ್ತು ಸೊಲ್ಲು ಒಪ್ಪಿಸುವ ಕ್ರಮವು ಜೊತೆಗೂಡಿ ಹಾಡಿದವರಿಗಷ್ಟೇ ದಕ್ಕುತ್ತದೆ.

ನಾಡಗೀತೆ ಮತ್ತು ಧಾಟಿಯ ವಿವಾದ

ಕುವೆಂಪು ವಿರಚಿತ ‘ಜಯ ಭಾರತ ಜನನಿಯ ತನುಜಾತೆ’ಯನ್ನು ಕರ್ನಾಟಕ ಸರ್ಕಾರವು 2004ರ ಜನವರಿಯಲ್ಲಿ ಅಧಿಕೃತ ನಾಡಗೀತೆಯೆಂದು ಘೋಷಿಸಿತು. ಸಾಹಿತ್ಯವು ನಿಶ್ಚಿತವಾದರೂ ಅದನ್ನು ಹಾಡುವ ಧಾಟಿಯು ಬಹುಕಾಲ ನಿರ್ಧಾರವಾಗಲಿಲ್ಲ. ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಇಬ್ಬರ ಸ್ವರ ಸಂಯೋಜನೆಗಳೂ ಬಳಕೆಯಲ್ಲಿದ್ದು, ಎರಡಕ್ಕೂ ಅಭಿಮಾನಿಗಳಿದ್ದರು. ಗೀತೆಯನ್ನು ಪೂರ್ಣವಾಗಿ, ಸಾಲುಗಳನ್ನು ಪುನರಾವರ್ತಿಸಿ ಹಾಡಿದಾಗ ಹೆಚ್ಚು ಸಮಯ ಬೇಕಾಗುತ್ತಿದ್ದುದರಿಂದ, ಸಭೆಗಳಲ್ಲಿ ವೃದ್ಧರಿಗೂ ಮಕ್ಕಳಿಗೂ ನಿಂತಿರುವುದು ಕಷ್ಟವೆಂಬ ದೂರುಗಳೂ ಕೇಳಿಬಂದವು.

ಈ ವಿಷಯವನ್ನು ಪರಿಶೀಲಿಸಲು ಸರ್ಕಾರವು ಬೇರೆ ಬೇರೆ ಕಾಲದಲ್ಲಿ ಸಮಿತಿಗಳನ್ನು ರಚಿಸಿತು. ಗಾಯಕಿ ಎಚ್. ಆರ್. ಲೀಲಾವತಿ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಅನಂತರ, 2022ರ ಸೆಪ್ಟೆಂಬರ್‌ನಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಆಲಾಪನೆ ಮತ್ತು ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಪೂರ್ಣ ಪಠ್ಯವನ್ನು ಹಾಡಬೇಕೆಂದು ಆದೇಶ ಹೊರಬಿದ್ದಿತು. ಇದನ್ನು ಪ್ರಶ್ನಿಸಿ ಗಾಯಕರೊಬ್ಬರು ಉಚ್ಚ ನ್ಯಾಯಾಲಯದ ಮೊರೆ ಹೊಕ್ಕರು. 2024ರಲ್ಲಿ ನ್ಯಾಯಾಲಯವು ಅರ್ಜಿಯನ್ನು ವಜಾಗೊಳಿಸಿತು. ಆ ವೇಳೆಗೆ ಇಬ್ಬರು ಸಂಯೋಜಕರೂ ದಿವಂಗತರಾಗಿದ್ದರು. ಆದೇಶವು ಅಧಿಕೃತ ಸಮಾರಂಭಗಳಿಗೆ ಏಕರೂಪತೆಯನ್ನು ತಂದಿತು. ಮತ್ತೊಂದು ಧಾಟಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ್ದ ಶಾಲೆಗಳು ಮಾತ್ರ ಹೊಸದಾಗಿ ಪಾಠ ಆರಂಭಿಸಬೇಕಾಯಿತು.

ಹೋಲಿಕೆ

ಭಾಷೆ ಮತ್ತು ಸಂಗೀತದ ಇಂತಹ ನಂಟು ಇತರ ದೇಶಗಳಲ್ಲಿಯೂ ಕಂಡುಬರುತ್ತದೆ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದಲ್ಲಿ, ಫ್ರೆಂಚ್ ಭಾಷೆಯ ಪ್ರಾಬಲ್ಯವಿದ್ದ ಕಾಲದಲ್ಲಿ, ಪೀಟರ್ ಬೆನ್ವಾ (1834–1901) ಎಂಬ ಸಂಯೋಜಕರು 1867ರಲ್ಲಿ ಆಂಟ್‌ವರ್ಪ್ ನಗರದ ಸಂಗೀತ ಶಾಲೆಯ ನೇತೃತ್ವ ವಹಿಸಿ ಮಾತೃಭಾಷೆಯಲ್ಲಿಯೇ ಸಂಗೀತ ಶಿಕ್ಷಣ ನೀಡಿದರು. ಜನಪದ ಗೀತೆಯೇ ನಾಡಿನ ಸಂಗೀತಕ್ಕೆ ಅಡಿಪಾಯವೆಂಬುದು ಅವರ ನಿಲುವಾಗಿತ್ತು. 1898ರಲ್ಲಿ ಆ ಶಾಲೆಗೆ ರಾಜಮನ್ನಣೆಯ ಫ್ಲೆಮಿಷ್ ಸಂಗೀತ ವಿದ್ಯಾಲಯವೆಂಬ ಸ್ಥಾನ ದೊರೆಯಿತು. ಕಾರೆಲ್ ಮೀರಿ 1847ರಲ್ಲಿ ಸ್ವರ ಸಂಯೋಜಿಸಿದ ‘ಫ್ಲಾಂಡರ್ಸಿನ ಸಿಂಹ’ ಗೀತೆಯು ಮುಂದೆ ಆ ಪ್ರಾಂತದ ಅಧಿಕೃತ ಗೀತೆಯಾಯಿತು. ಅಲ್ಲಿ ಒಂದು ವಿದ್ಯಾಲಯವು ಮಾಡಿದ ಕೆಲಸವನ್ನು ಕರ್ನಾಟಕದಲ್ಲಿ ನಾಟಕ ಕಂಪನಿ, ಆಶ್ರಮ, ಬಾನುಲಿ ಮತ್ತು ಶಾಲೆಗಳು ಹಂಚಿಕೊಂಡು ಮಾಡಿದುದು ಎರಡು ನಾಡುಗಳ ನಡುವಣ ಮುಖ್ಯ ವ್ಯತ್ಯಾಸ.

ಮೌಲ್ಯಮಾಪನ

ಸುಗಮ ಸಂಗೀತವು ಕವಿತೆಯನ್ನು ಜನಸಾಮಾನ್ಯರಿಗೆ ತಲುಪಿಸಿತು ಎಂಬುದು ಸರ್ವಸಮ್ಮತವಾದ ಅಭಿಪ್ರಾಯ. ಪುಸ್ತಕವನ್ನು ತೆರೆಯದವರೂ ಬೇಂದ್ರೆ, ಕುವೆಂಪು, ನರಸಿಂಹಸ್ವಾಮಿ ಅವರ ಸಾಲುಗಳನ್ನು ನೆನಪಿನಲ್ಲಿಟ್ಟುಕೊಂಡಿರುವುದಕ್ಕೆ ಹಾಡುಗಳೇ ಕಾರಣ. ಒಂದು ಸ್ವರ ಸಂಯೋಜನೆ ಜನಪ್ರಿಯವಾದ ಮೇಲೆ ಕವಿತೆಗೆ ಬೇರೊಂದು ಓದು ಸಾಧ್ಯವಾಗದಂತೆ ಅದು ಅಂಟಿಕೊಳ್ಳುತ್ತದೆ ಎಂಬ ಆಕ್ಷೇಪವೂ ಇದೆ. ನಗರ ಕೇಂದ್ರಿತವಾದ ಧ್ವನಿಮುದ್ರಣಗಳು ಪ್ರಾದೇಶಿಕ ಮಟ್ಟುಗಳನ್ನು ಹಿಂದಕ್ಕೆ ಸರಿಸಿದವು ಎಂಬುದು ಮತ್ತೊಂದು ವಿಮರ್ಶೆ. ನಾಡಗೀತೆಗೆ ಒಂದು ಧಾಟಿ ಇರುವುದು ಅನುಕೂಲಕರ. ಆದರೆ ನಾಡಿನ ಸಂಗೀತವು ಆ ಒಂದೇ ಧಾಟಿಯಲ್ಲಿ ಮುಗಿಯುವುದಿಲ್ಲವೆಂಬುದಕ್ಕೆ ಗೊಲ್ಲರಹಟ್ಟಿಯ ಪದಗಳು, ಮ್ಯಾಸಬೇಡರ ಉರುಮೆ ಮತ್ತು ಗದಗಿನ ಆಶ್ರಮದ ವಚನ ಗಾಯನ ಸಾಕ್ಷಿಯಾಗಿವೆ. ಶಾಲೆಯಲ್ಲಿ ನಾಡಗೀತೆಯನ್ನು ಕಲಿಯುವ ಮಗು ತನ್ನ ಅಜ್ಜಿಯ ಪದವನ್ನೂ ಕಲಿತರೆ ಮಾತ್ರ ಈ ಪರಂಪರೆಯು ಪೂರ್ಣವಾಗಿ ಮುಂದುವರಿಯುತ್ತದೆ ಎಂಬುದು ಜಾನಪದ ಆಸಕ್ತರ ಆಶಯವಾಗಿದೆ.